ಕೃಷ್ಣೆ ಹುಟ್ಟುವ ಕಲ್ಲುಗುಡಿಗಳು

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮವರಲ್ಲಿ ಮಹಾಬಳೇಶ್ವರ ನೋಡದವರು ವಿರಳ. ಮದುವೆಯಾದ ಹೊಸತರಲ್ಲಿ ಒಮ್ಮೆ, ಮಕ್ಕಳ ಬೇಸಿಗೆ ರಜೆಯಲ್ಲಿ ಒಮ್ಮೆ, ಊರಿನಿಂದ ಬೀಗರು ಬಂದಾಗ ಮತ್ತೊಮ್ಮೆ. ವೆಣ್ಣಾ ಕೆರೆಯಲ್ಲಿ ದೋಣಿ, ಪೇಟೆಯಲ್ಲಿ ಸ್ಟ್ರಾಬೆರಿ, ಚಿಕ್ಕಿ, ನಾಲ್ಕಾರು 'ಪಾಯಿಂಟು'ಗಳು. ಅಲ್ಲಿಗೆ ಪ್ರವಾಸ ಮುಗಿಯಿತು! ಆದರೆ ಪೇಟೆಯಿಂದ ಸುಮಾರು ಆರು ಕಿಲೋಮೀಟರ್ ದೂರದ ಕ್ಷೇತ್ರ ಮಹಾಬಳೇಶ್ವರಕ್ಕೆ ನೀವು ಹೋಗಿದ್ದೀರಾ? ಹೋಗಿದ್ದರೂ ಗಡಿಬಿಡಿಯಲ್ಲಿ ಕೈಮುಗಿದು ಬಂದಿದ್ದರೆ, ಇನ್ನೊಮ್ಮೆ ಹೋಗಿ ಎನ್ನುವುದಕ್ಕೇ ಈ ಬರಹ.

ಪೇಟೆ ಬ್ರಿಟಿಷರದು. 1820ರ ದಶಕದ ಕೊನೆಯಲ್ಲಿ ಮುಂಬಯಿಯ ಗವರ್ನರ್ ಸರ್ ಜಾನ್ ಮಾಲ್ಕಮ್ ಬೆಳೆಸಿದ ಗಿರಿಧಾಮ ಅದು. ಕ್ಷೇತ್ರ ಅದಕ್ಕಿಂತ ಎಷ್ಟೋ ಹಳೆಯದು. ನಮ್ಮ ಗೋಕರ್ಣದ ದೇವರ ಹೆಸರೇ ಇಲ್ಲಿಯ ದೇವರಿಗೂ. ಗರ್ಭಗುಡಿಯ ಲಿಂಗ ನುಣುಪಾದುದಲ್ಲ. ರುದ್ರಾಕ್ಷಿಯಂತೆ ಉಬ್ಬುತಗ್ಗಿನ ಬಂಡೆ. ಶಿವಾಜಿ ತಾಯಿ ಜೀಜಾಬಾಯಿಯವರ ಸುವರ್ಣ ತುಲಾಭಾರ ಮಾಡಿಸಿದ್ದು ಇಲ್ಲಿಯೇ ಎಂದು ಊರವರು ಅಭಿಮಾನದಿಂದ ಹೇಳುತ್ತಾರೆ.

ಪಕ್ಕದ ಪಂಚಗಂಗಾ ಗುಡಿಯಲ್ಲಿ ಕೃಷ್ಣಾ, ವೆಣ್ಣಾ, ಕೊಯ್ನಾ, ಸಾವಿತ್ರಿ, ಗಾಯತ್ರಿ ಎಂಬ ಐದು ನದಿಗಳ ಧಾರೆಗಳು ಕೂಡಿ ಕಲ್ಲಿನ ಗೋಮುಖದಿಂದ ಬೀಳುತ್ತವೆ. ಭಕ್ತಿಯ ಮಾತು ಹಾಗಿರಲಿ, ಭೂಗೋಳವೂ ಸ್ವಾರಸ್ಯವಾಗಿದೆ. ಇದೇ ಬೆಟ್ಟದ ಸಾವಿತ್ರಿ ಪಶ್ಚಿಮಕ್ಕೆ ಇಳಿದು ಕೊಂಕಣದಲ್ಲಿ ಅರಬ್ಬೀ ಸಮುದ್ರ ಸೇರಿದರೆ, ಕೃಷ್ಣೆ ಪೂರ್ವಕ್ಕೆ ತಿರುಗಿ ಸುಮಾರು 1,400 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ವೆಣ್ಣೆ ಸಾತಾರೆಯ ಬಳಿ, ಕೊಯ್ನೆ ಕರಾಡದಲ್ಲಿ ಅಕ್ಕನನ್ನು ಕೂಡಿಕೊಳ್ಳುತ್ತಾರೆ. ಈ ಗುಡಿಯನ್ನು ಕಟ್ಟಿಸಿದವನು 13ನೆಯ ಶತಮಾನದ ದೇವಗಿರಿಯ ದೊರೆ ಸಿಂಘಣ ಎಂದು ಪ್ರತೀತಿ. ಆ ಸೇವುಣ ಅರಸರ ನೂರಾರು ಶಾಸನಗಳು ಕನ್ನಡದಲ್ಲಿವೆ ಎಂಬುದನ್ನು ಮಕ್ಕಳಿಗೆ ಅಲ್ಲಿಯೇ ನಿಂತು ಹೇಳಿ.

ಇಷ್ಟನ್ನು ನೋಡಿ ಹೆಚ್ಚಿನವರು ಬಸ್ಸಿಗೆ ಮರಳುತ್ತಾರೆ. ನೀವು ಹಾಗೆ ಮಾಡಬೇಡಿ. ಹಿಂಬದಿಯ ಹಾದಿ ಹಿಡಿದು ಐದು ನಿಮಿಷ ನಡೆದರೆ ಕೃಷ್ಣಾಬಾಯಿಯ ಗುಡಿ. ಕರಿಕಲ್ಲಿನ ಕಟ್ಟಡ, ಕೆತ್ತಿದ ಕಂಬಗಳು, ಕೆತ್ತಿದ ಮೇಲ್ಛಾವಣಿ, ಒಳಗೆ ಶಿವಲಿಂಗ. ಅಂಗಡಿಯಿಲ್ಲ, ಗದ್ದಲವಿಲ್ಲ. ವರ್ಷಕ್ಕೆ ಐದಾರು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರು. ಕಲ್ಲಿನ ಮೇಲೆಲ್ಲ ಪಾಚಿ ಹಸಿರು. ಸಂದುಗಳಲ್ಲಿ ಬೇರು ಇಳಿಸುವ ಗಿಡಕ್ಕೆ ಶತಮಾನಗಳ ಲೆಕ್ಕವೆಲ್ಲಿ? ಜೀರ್ಣೋದ್ಧಾರವೆಂದರೆ ಬಣ್ಣ ಬಳಿದು ಟೈಲ್ಸ್ ಹಾಕುವುದು ಎಂದು ತಿಳಿದವರ ಕೈಗೆ ಮಾತ್ರ ಈ ಗುಡಿ ಸಿಗದಿರಲಿ ಎಂದು ನನ್ನ ಪ್ರಾರ್ಥನೆ. ಎದುರಿಗೆ ಕೃಷ್ಣೆಯ ಕಣಿವೆ, ದೂರದಲ್ಲಿ ಧೋಮ್ ಜಲಾಶಯದ ಹೊಳಪು.

ಇಲ್ಲಿಯೂ ಒಂದು ಗೋಮುಖವಿದೆ. ಬೇಸಿಗೆಯಲ್ಲಿ ಹೋದಾಗ ಒಂದು ತಂಬಿಗೆ ತುಂಬಲು ತುಸು ಹೊತ್ತು ಕಾಯಬೇಕಾಯಿತು. ನಾನು ಹಳೆ ಬಾಗಲಕೋಟೆಯವನು. ಆಡಿ ಬೆಳೆದ ಓಣಿ, ಅಜ್ಜ ಕಟ್ಟಿಸಿದ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋದವು. ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ನೀರಾವರಿ ಬೇಕೆನ್ನುವ ರೈತನೂ ನಮ್ಮವನೇ, ಮುಳುಗುವ ಹಳ್ಳಿಯೂ ನಮ್ಮದೇ. ಮಳೆಗಾಲದಲ್ಲಿ ಸಾಂಗಲಿ, ಕೊಲ್ಹಾಪುರಗಳು ಮುಳುಗಿದಾಗ ಇಲ್ಲಿಯ ನೆರೆಯವರು ಆಲಮಟ್ಟಿಯತ್ತ ಬೆರಳು ಮಾಡುತ್ತಾರೆ. ನಾವು ಅವರ ಚಹಾ ಕುಡಿಯುತ್ತ ಕೇಳಿಕೊಳ್ಳುತ್ತೇವೆ. ಇಷ್ಟೆಲ್ಲ ಮಾಡಿದ ಹೊಳೆ ಇದೇನಾ ಎಂದು ಆ ತೆಳ್ಳನೆಯ ಧಾರೆಯ ಕೆಳಗೆ ಕೈಯೊಡ್ಡಿದೆ. ನೀರು ತಣ್ಣಗಿತ್ತು. ಒಂದು ಬಾಟಲಿ ತುಂಬಿ ನವನಗರದಲ್ಲಿರುವ ಅಕ್ಕನಿಗೆ ಕಳಿಸಿದೆ. ಆಕೆ ಅದನ್ನು ದೇವರ ಜಗುಲಿಯ ಮೇಲೆ ಇಟ್ಟಿದ್ದಾಳಂತೆ.

ಹೋಗುವವರಿಗೆ ಎರಡು ಮಾತು. ಪುಣೆಯ ಸ್ವಾರ್‌ಗೇಟಿನಿಂದ ಎಸ್.ಟಿ. ಬಸ್ಸುಗಳಿವೆ, ಸುಮಾರು 120 ಕಿಲೋಮೀಟರ್. ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ ಹೋದರೆ ಧಾರೆಯೂ ತುಂಬಿರುತ್ತದೆ, ಮಂಜೂ ಕಾಡುವುದಿಲ್ಲ. ಪಾಚಿಗಟ್ಟಿದ ಮೆಟ್ಟಿಲು ಜಾರುತ್ತದೆ. ಹಿರಿಯರ ಕೈ ಹಿಡಿದುಕೊಳ್ಳಿ. ಪೇಟೆಗೆ ಮರಳುವ ಕೊನೆಯ ಬಸ್ಸಿನ ವೇಳೆಯನ್ನು ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ.