ಮಗ್ಗವೂ ಮಂತ್ರವೂ

ಉಪದೇಶ ಮಾಡಲು ಹೋಗಿ ಉಪದೇಶ ಮಾಡಿಸಿಕೊಂಡು ಬರುವುದು ನನ್ನ ಹಳೆಯ ಚಾಳಿ. ಮೊನ್ನೆ ವಡಗಾವಿಯಲ್ಲಿಯೂ ಹಾಗೆಯೇ ಆಯಿತು.

ನಮ್ಮ ಅಣ್ಣ ಅಲ್ಲಿಯ ನೇಕಾರ. ನೇಕಾರನಾಗಿದ್ದವನು ಎಂದರೆ ಹೆಚ್ಚು ಸರಿ. "ಹುಡುಗ ರಾತ್ರಿಯೆಲ್ಲಾ ಕಂಪ್ಯೂಟರಿನ ಮುಂದ ಕೂತು ಏನೇನೋ ಮಂತ್ರಾ ಬರೀತಾನ. ನೀ ಕಲಿತಾಂವ, ನಾಲ್ಕು ಮಾತು ಹೇಳು ಬಾ" ಎಂದು ಹೇಳಿಕಳಿಸಿದ್ದ. ನಾನು ಕಲಿತವನೆಂಬುದು ನಮ್ಮ ಮನೆಯಲ್ಲಿ ಹೊಗಳಿಕೆಯೂ ಹೌದು, ಆಕ್ಷೇಪಣೆಯೂ ಹೌದು. ಅಪ್ಪನ ಮಗ್ಗಕ್ಕೆ ಇಬ್ಬರು ಮಕ್ಕಳ ಕೈಯೂ ಬೇಕಾಗಿದ್ದಾಗ ಪುಸ್ತಕ ಹಿಡಿದು ಹೊರಬಿದ್ದವನು ನಾನು.

ಹುಡುಗ ಹಿಂದೆ ಮಗ್ಗವಿದ್ದ ಕೋಣೆಯಲ್ಲಿಯೇ ಕುಳಿತಿದ್ದ. ಮಗ್ಗದ ಕುಣಿಯನ್ನು ಮುಚ್ಚಿ ಫರಸಿ ಹಾಕಿದ ಜಾಗದ ಮೇಲೆ ಅವನ ಮೇಜು. "ಬರ್ರಿ ಕಾಕಾ" ಎಂದು ಕುರ್ಚಿ ಬಿಟ್ಟುಕೊಟ್ಟ. ಅವನು ಆಡುತ್ತಿದ್ದುದು 2004ರಲ್ಲಿ ಅಮೆರಿಕದಲ್ಲಿ ಹುಟ್ಟಿದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟ. ದೇಶದೇಶಗಳ ಜನ ಒಂದೊಂದು ವೇಷ ತೊಟ್ಟು ಒಂದೇ ಕಲ್ಪಿತ ಲೋಕದಲ್ಲಿ ಕೂಡುತ್ತಾರೆ. ನಮ್ಮ ದೊಡ್ಡಾಟದ ಹಾಗೆಯೇ ಅನ್ನಿ. ಹುಡುಗ ಒಂದು ಓರೆಗೆರೆ ಹಾಕಿ 'ಬೋ' ಎಂದು ಬರೆದ. ಪರದೆಯ ಮೇಲಿನ ಮಂತ್ರವಾದಿ ನಡು ಬಾಗಿಸಿ ವಂದಿಸಿದ. 'ಡಾನ್ಸ್' ಎಂದು ಬರೆದ, ಕುಣಿದ. "ನಿಮಗ ನಮಸ್ಕಾರ ಮಾಡ್ಯಾನ್ರಿ ಕಾಕಾ." ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಉಪದೇಶದ ಮೊದಲ ವಾಕ್ಯವೇ ಮರೆತುಹೋಯಿತು.

ಹೀಗೆ ಅಕ್ಷರ ಬರೆದು ಆಡುವುದು ಹೊಸತೇನಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ 'ಮಡ್' ಎಂಬ ಆಟದಲ್ಲಿ ಚಿತ್ರವೇ ಇರಲಿಲ್ಲ. ಗುಹೆ, ಕಾಡು, ಕತ್ತಿ ಎಲ್ಲವೂ ಬರಿಯ ಮಾತು. ಆಡುವವನ ಆಜ್ಞೆಯೂ ಮಾತೇ.

ಪದೇ ಪದೇ ಕೊಡುವ ಆಜ್ಞೆಗಳನ್ನು ಒಮ್ಮೆ ಸಾಲಾಗಿ ಬರೆದಿಟ್ಟು ಒಂದೇ ಗುಂಡಿಗೆ ಕಟ್ಟಿಬಿಟ್ಟರೆ ಅದಕ್ಕೆ 'ಮ್ಯಾಕ್ರೊ' ಎಂದು ಹೆಸರು. ಈ ಆಟದಲ್ಲಿ ಒಂದೊಂದಕ್ಕೆ 255 ಅಕ್ಷರಗಳ ಮಿತಿ. ಹುಡುಗ ತನ್ನದೊಂದನ್ನು ತೋರಿಸಿದ: ಮೊದಲು ಮಂಜಿನ ಬಾಣ, ಆಮೇಲೆ ಬೆಂಕಿಯ ಉಂಡೆ, ಆಮೇಲೆ ಇನ್ನೊಂದು.

"ಅಂದ್ರ ಒಮ್ಮೆ ಒತ್ತಿದ್ರ ಮೂರೂ ನಡೀತಾವೇನು?"

"ಇಲ್ರಿ ಕಾಕಾ. ಒಮ್ಮೆ ಒತ್ತಿದ್ರ ಒಂದ ಮಂತ್ರ. ಮತ್ತ ಒತ್ತಿದ್ರ ಮುಂದಿಂದು. ಕಡೀದು ಮುಗಿದ ಮ್ಯಾಲ ಮತ್ತ ಮೊದಲಿಂದ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಣ್ಣ ನಕ್ಕುಬಿಟ್ಟ. "ಏ, ಇದು ಜಕಾರ್ಡ್ ಅಲ್ಲೇನೋ!"

ಅವನ ಮಾತು ನಿಜ. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ಎಂಬವನು ಮಗ್ಗದ ನೆತ್ತಿಗೆ ರಟ್ಟಿನ ಪಟ್ಟಿಗಳ ಮಾಲೆಯನ್ನು ಕಟ್ಟಿದ. ಪಟ್ಟಿಯಲ್ಲಿ ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಒಂದು ತುಳಿತಕ್ಕೆ ಒಂದು ಪಟ್ಟಿ, ಲಾಳಿಯ ಒಂದು ಓಟ. ಮತ್ತೆ ತುಳಿದರೆ ಮುಂದಿನ ಪಟ್ಟಿ. ಕೊನೆಯದು ಮುಗಿದರೆ ಮೊದಲನೆಯದು ತಿರುಗಿ ಬರುತ್ತದೆ. ಚಾರ್ಲ್ಸ್ ಬ್ಯಾಬೇಜ್ 19ನೆಯ ಶತಮಾನದಲ್ಲಿ ತನ್ನ ಗಣಕಯಂತ್ರದ ಯೋಜನೆಗೆ ಈ ಪಟ್ಟಿಗಳನ್ನೇ ಎರವಲು ತಂದ. ನಾನು ಇದನ್ನು ಪುಸ್ತಕದಲ್ಲಿ ಓದಿದ್ದೆ. ಅಣ್ಣ ಮೂವತ್ತು ವರ್ಷ ಕಾಲಿನಿಂದ ಓದಿದ್ದ.

ಚಿಕ್ಕಂದಿನಲ್ಲಿ ಅಪ್ಪ ನನ್ನಿಂದಲೂ ಪಟ್ಟಿ ಪೋಣಿಸಿದ್ದುಂಟು. ನಾನು ಒಂದನ್ನು ತಿರುವಿ ಹಾಕಿದೆ. ಸೀರೆಯ ಸೆರಗಿನಲ್ಲಿ ಪ್ರತಿಯೊಂದು ನವಿಲಿನ ಕುತ್ತಿಗೆಯೂ ಅದೇ ಜಾಗದಲ್ಲಿ ಮುರಿಯಿತು. ಯಂತ್ರವು ನಮ್ಮ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಪಾಲಿಸುತ್ತದೆ. ಅಪ್ಪ ಬಯ್ಯಲಿಲ್ಲ, ನೇಯ್ದುದನ್ನು ಬಿಚ್ಚುತ್ತ ರಾತ್ರಿಯೆಲ್ಲ ಕುಳಿತ. ಮರುವರ್ಷ ನಾನು ಊರು ಬಿಟ್ಟೆ.

ಅಣ್ಣ ಹತ್ತಿರ ಬಂದು ಕೇಳಿದ: "ಗುಂಡಿ ತಾನ ಒತ್ತಿಕೊಳ್ಳೂ ಹಂಗ ಮಾಡಾಕ ಬರಂಗಿಲ್ಲೇನು?"

"ಬರತೈತಿ ಅಪ್ಪಾ. ಖರೆ ಆಟದ ನಿಯಮದಾಗ ಅದು ಮನಾಯಿ. ಮನಿಶ್ಯಾನ ಕೈಯ ಇರಬೇಕು."

ಅಣ್ಣ ಸುಮ್ಮನಾದ. ಹೊರಗೆ ಓಣಿಯಲ್ಲಿ ಪವರ್‌ಲೂಮಿನ ಖಟಖಟ ಕೇಳುತ್ತಿತ್ತು. ಅದಕ್ಕೂ ಜಕಾರ್ಡ್ ಉಂಟು. ತುಳಿಯುವ ಕಾಲು ಮಾತ್ರ ಬೇಡ. ತನ್ನ ಮಗ್ಗವನ್ನು ಬಿಚ್ಚಿ ಮಾರಿದ ಮೇಲೆ ಅಣ್ಣ ದುಡಿಮೆಯ ಕಡೆಯ ವರ್ಷಗಳನ್ನು ಇನ್ನೊಬ್ಬರ ಪವರ್‌ಲೂಮುಗಳ ನಡುವೆ, ಎಳೆ ಯಾವಾಗ ಹರಿದೀತೆಂದು ಕಾಯುತ್ತ ಕಳೆದಿದ್ದಾನೆ. ಆ ದಿನಗಳಲ್ಲಿ ನಾನು ಅವನಿಗೆ ಪತ್ರ ಬರೆಯುತ್ತಿದ್ದೆ. ಬರಲಿಲ್ಲ.

"ಆಟದಾಗರ ಮನಿಶ್ಯಾನ್ನ ಉಳಿಸ್ಯಾರಲ್ಲ" ಎಂದ. ಆಮೇಲೆ ಮಗನನ್ನು ಎಬ್ಬಿಸಿ ತಾನು ಕುಳಿತು, ಗುಂಡಿಯ ಮೇಲೆ ಬೆರಳಿಟ್ಟ. ಮಂಜು, ಬೆಂಕಿ, ಮತ್ತೆ ಮಂಜು. ಬೆರಳು ಒತ್ತಿದಾಗಲೆಲ್ಲ ಮೇಜಿನ ಕೆಳಗೆ ಅವನ ಬಲಗಾಲು ಆ ಮುಚ್ಚಿದ ಕುಣಿಯ ಫರಸಿಯನ್ನು ತುಳಿಯುತ್ತಿತ್ತು. ಅವನಿಗೆ ಅದು ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಹೊರಡುವಾಗ ವೈನಿ ಕೇಳಿದರು: "ಹೇಳಿದ್ರೇನ್ರಿ ಹುಡುಗಗ ಬುದ್ಧಿ?"

"ಈಗ ಇಬ್ಬರಿಗೂ ಹೇಳಬೇಕಾಗೈತ್ರಿ ವೈನಿ," ಎಂದೆ. "ಮುಂದಿನ ಐತವಾರ ಬರ್ತೀನಿ."