ಮೂಕ ಸಂಗಾತಿಯ ಪ್ರಯಾಣ ಸನ್ನಾಹ

ಬೇಸಿಗೆಯ ರಜೆಯು ಸಮೀಪಿಸಿತೆಂದರೆ ನಮ್ಮ ವಸತಿಗೃಹದ ಬಾಲಿಕೆಯರು ಎಂಟು ದಿನ ಮುಂಚಿತವಾಗಿಯೇ ಪೆಟ್ಟಿಗೆ ಕಟ್ಟಲಾರಂಭಿಸುವರು. ಯಾವ ರೈಲು, ಯಾವ ಬಸ್ಸು, ದಾರಿಯ ಬುತ್ತಿಗೆ ಚಿತ್ರಾನ್ನವೋ ಚಪಾತಿಯೋ ಎಂಬ ಚರ್ಚೆಯು ಸಾಯಂಕಾಲದ ಪ್ರಾರ್ಥನೆಯ ಗಂಟೆಯವರೆಗೂ ಮುಗಿಯದು. ಬಾಯುಳ್ಳ ನಮಗೇ ಇಷ್ಟು ಸಿದ್ಧತೆ ಬೇಕಾಗಿರಲು, ಎಲ್ಲಿಗೆ ಹೋಗುತ್ತಿರುವೆನೆಂಬದನ್ನು ಅರಿಯದ, ಬಾಯಾರಿತೆಂದು ಹೇಳಲಾರದ ಸಾಕುಪ್ರಾಣಿಯನ್ನು ಮಾತ್ರ ಹೊರಡುವ ಗಳಿಗೆಯಲ್ಲಿ ಸರಪಳಿ ಹಿಡಿದು ಎಳೆದೊಯ್ಯುವವರೇ ಬಹಳ. ನೋಹನು ಪ್ರಾಣಿಗಳನ್ನು ನಾವೆಗೆ ಸೇರಿಸುವಾಗ ಅವುಗಳ ಆಹಾರವನ್ನೂ ಕೂಡಿಸಿಟ್ಟುಕೊಂಡನೆಂದು ಭಾನುವಾರದ ಶಾಲೆಯಲ್ಲಿ ಕಲಿತವರೂ ಇದನ್ನು ಮರೆಯುತ್ತಾರೆ.

ನಮ್ಮ ವಸತಿಗೃಹದಲ್ಲಿ ಅನೇಕ ವರ್ಷ ಸೇವೆ ಸಲ್ಲಿಸಿದ ಮೇಟ್ರನ್ ಅಮ್ಮನವರು 2019ನೆಯ ಇಸವಿಯ ಮಾರ್ಚ್ ತಿಂಗಳ ಕೊನೆಯಲ್ಲಿ ನಿವೃತ್ತರಾಗಿ, ಮೈಸೂರನ್ನು ಬಿಟ್ಟು ಧಾರವಾಡದಲ್ಲಿದ್ದ ತಂಗಿಯ ಮನೆಗೆ ಹೋಗುವದೆಂದು ನಿಶ್ಚಯವಾಯಿತು. ಅವರ ಸೆರಗು ಬಿಡದೆ ತಿರುಗುತ್ತಿದ್ದ ಕರಿಯನೆಂಬ ನಾಯಿಗೆ ಆಗ ಒಂಬತ್ತು ವರ್ಷ. ಮುದಿ ನಾಯಿಗೆ ಇಷ್ಟು ದೂರದ ಪ್ರಯಾಣವೇತಕ್ಕೆ, ಇಲ್ಲಿಯೇ ಇರಲಿ ಎಂದು ಕೆಲವರು ಹೇಳಿದರು. ಅಮ್ಮನವರು ಏನೂ ಅನ್ನಲಿಲ್ಲ. ಆ ರಾತ್ರಿ ಊಟಕ್ಕೂ ಬರಲಿಲ್ಲ. ಮರುದಿನವೇ ಕರಿಯನನ್ನು ಕಳುಹಿಸುವ ಕಾರ್ಯವನ್ನು ನಾವು ಕೈಗೆತ್ತಿಕೊಂಡೆವು.

ರೈಲಿನಲ್ಲಿ ನಾಯಿಯನ್ನು ಪಕ್ಕದಲ್ಲಿಟ್ಟುಕೊಳ್ಳಬೇಕಾದರೆ ಮೊದಲನೆಯ ದರ್ಜೆಯ ಕೂಪೆಯೊಂದನ್ನು ಪೂರ್ತಿಯಾಗಿ ತಮಗೇ ಕಾದಿರಿಸಿಕೊಳ್ಳಬೇಕು. ಸ್ಲೀಪರ್ ಮೊದಲಾದ ಬೋಗಿಗಳಲ್ಲಿ ನಾಯಿಗೆ ಅಪ್ಪಣೆಯಿಲ್ಲ. ಅಷ್ಟು ಹಣ ತೆರುವ ಶಕ್ತಿಯು ಅಮ್ಮನವರಿಗೆ ಇರಲಿಲ್ಲ. ನಮ್ಮಿಂದ ತೆಗೆದುಕೊಳ್ಳಲು ಅವರು ಒಪ್ಪಲೂ ಇಲ್ಲ. ಉಳಿದದ್ದು ಗಾರ್ಡಿನ ಬ್ರೇಕ್ ವ್ಯಾನಿನಲ್ಲಿರುವ ನಾಯಿಗೂಡು. ಕತ್ತಲೆ, ಕಬ್ಬಿಣದ ಗದ್ದಲ, ಪರಿಚಯದ ಮುಖವೊಂದೂ ಇಲ್ಲದ ಒಂದು ಇಡೀ ರಾತ್ರಿ! ಮಂಚದ ಕೆಳಗಲ್ಲದೆ ಬೇರೆಲ್ಲಿಯೂ ಮಲಗಿ ಅರಿಯದ ಪ್ರಾಣಿಯು ಇದನ್ನು ತಾಳಬಲ್ಲದೇ?

ತಾಳುವಂತೆ ಕಲಿಸಬೇಕಾಯಿತು. ಉಗ್ರಾಣದಿಂದ ದೊಡ್ಡದೊಂದು ಮರದ ಪೆಟ್ಟಿಗೆಯನ್ನು ತೆಗೆಯಿಸಿ, ಗಾಳಿಗೆ ಕಿಂಡಿಗಳನ್ನೂ ಮುಂಭಾಗಕ್ಕೆ ಬಾಗಿಲನ್ನೂ ಇಡಿಸಿ, ಅಮ್ಮನವರ ಹಳೆಯ ಸೀರೆಯೊಂದನ್ನು ಒಳಗೆ ಹಾಸಿದೆವು. ಸೀರೆಯನ್ನು ಒಗೆಯಬಾರದೆಂದು ನಾವು ಕಟ್ಟಪ್ಪಣೆ ಮಾಡಿದೆವು. ಒಡತಿಯ ವಾಸನೆಯೇ ನಾಯಿಗೆ ಧೈರ್ಯವಷ್ಟೆ. ಮೊದಲ ವಾರ ಬಾಗಿಲು ತೆರೆದೇ ಇದ್ದು, ಊಟವು ಮಾತ್ರ ಪೆಟ್ಟಿಗೆಯೊಳಗೆ. ಎರಡನೆಯ ವಾರ ಒಂದು ವಚನವನ್ನು ಹೇಳಿ ಮುಗಿಸುವಷ್ಟು ಹೊತ್ತು ಬಾಗಿಲನ್ನು ಮುಚ್ಚುವದು. ಆಮೇಲೆ ಒಂದು ಕೀರ್ತನೆಯಷ್ಟು. ಅನಂತರ ಪಾಠದ ಒಂದು ಪೂರ್ತಿ ಅವಧಿ. ಅದು ಕುಂಯ್‌ಗುಟ್ಟಿದರೆ ಮರುದಿನ ಸಮಯವನ್ನು ಕಡಿಮೆ ಮಾಡುವದೇ ಹೊರತು ಗದರಿಸಕೂಡದು. ಕೊನೆಗೆ ತಗಡಿನ ತಟ್ಟೆಗಳನ್ನು ಬಡಿದು ರೈಲಿನ ಸದ್ದನ್ನೂ ರೂಢಿ ಮಾಡಿಸಿದೆವು. ಈ ಸೇವೆಗೆ ಎಂಟನೆಯ ತರಗತಿಯವರು ತೋರಿದ ಉತ್ಸಾಹವು ಅವರ ಗಣಿತದಲ್ಲಿ ಕಾಣಲಿಲ್ಲವೆಂಬದು ಬೇರೆ ಮಾತು.

ಪಶುವೈದ್ಯರು ಎದೆಯನ್ನು ಪರೀಕ್ಷಿಸಿ, ಹುಚ್ಚುನಾಯಿ ರೋಗದ ಲಸಿಕೆಯ ದಾಖಲೆಯನ್ನು ನೋಡಿ, ಪ್ರಯಾಣಕ್ಕೆ ಯೋಗ್ಯವೆಂದು ಪತ್ರವನ್ನು ಬರೆದುಕೊಟ್ಟರು. ನಿದ್ರೆಯ ಮಾತ್ರೆ ಕೊಡಬಹುದೇ ಎಂದು ಯಾರೋ ಕೇಳಲು ಖಂಡಿತವಾಗಿ ಬೇಡವೆಂದರು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವದಿಲ್ಲ. ಅದು ನಾಲಿಗೆ ಚಾಚಿ ತೇಕಿಯೇ ತನ್ನ ಕಾವನ್ನು ಕಳೆಯಬೇಕು. ಮಂಪರಿನಲ್ಲಿರುವ ಮುದಿ ನಾಯಿಗೆ ಅದೂ ಕಷ್ಟವಾಗಬಹುದು. 1978ನೆಯ ಇಸವಿಯ ಪ್ರಾಣಿ ಸಾಗಣೆಯ ನಿಯಮಗಳಲ್ಲಿ, ನಾಯಿ ಬೆಕ್ಕುಗಳಿಗೆ ಬೇಸಿಗೆಯಲ್ಲಿ 4 ಗಂಟೆಗೊಮ್ಮೆಯೂ ಚಳಿಗಾಲದಲ್ಲಿ 6 ಗಂಟೆಗೊಮ್ಮೆಯೂ ನೀರು ಕೊಡತಕ್ಕದ್ದೆಂದು ಹೇಳಿದೆ. ಆದುದರಿಂದ ನಮ್ಮ ಉಪಾಧ್ಯಾಯಿನಿಯೊಬ್ಬರು ನೀರಿನ ಬಟ್ಟಲನ್ನೂ, ರೈಲು ಹೆಚ್ಚು ಹೊತ್ತು ನಿಲ್ಲುವ ನಿಲ್ದಾಣಗಳ ಪಟ್ಟಿಯನ್ನೂ ಹಿಡಿದು ಅಮ್ಮನವರೊಡನೆ ಹೊರಟರು.

ಮರುದಿನ ಬೆಳಗ್ಗೆ ಪ್ರಾರ್ಥನೆಗೆ ಮೊದಲೇ ದೂರವಾಣಿಯಲ್ಲಿ ವರ್ತಮಾನ ಬಂತು. ಅರಸೀಕೆರೆಯಲ್ಲಿ ಕರಿಯನು ನೀರನ್ನು ಮೂಸಿಯೂ ನೋಡಲಿಲ್ಲವಂತೆ. ದಾವಣಗೆರೆಯಲ್ಲಿ ಬಟ್ಟಲನ್ನು ಬರಿದು ಮಾಡಿತಂತೆ. ಧಾರವಾಡದಲ್ಲಿ ಗೂಡಿನ ಬಾಗಿಲನ್ನು ತೆಗೆದಾಗ ಸೀರೆಯನ್ನು ಬಾಯಲ್ಲಿ ಕಚ್ಚಿಕೊಂಡೇ ಇಳಿಯಿತೆಂದು ಹೇಳುತ್ತ ಆ ಉಪಾಧ್ಯಾಯಿನಿಯವರ ಧ್ವನಿ ತಡವರಿಸಿತು. ಇತ್ತ ನಮ್ಮ ಕಿವಿಗೂ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ.

ಮೋಟಾರುಳ್ಳ ಮನೆಗಳ ಬಾಲಿಕೆಯರಿಗೆ ಒಂದು ಮಾತು. ತಿಂಡಿಗೆಂದು ಇಳಿಯುವಾಗ ಪ್ರಾಣಿಯನ್ನು ಗಾಡಿಯೊಳಗೆ ಬಿಟ್ಟು ಬಾಗಿಲು ಹಾಕದಿರಿ. ಬಿಸಿಲಿನಲ್ಲಿ ನಿಂತ ಗಾಡಿಯು ಕೆಲವೇ ನಿಮಿಷಗಳಲ್ಲಿ ಒಲೆಯಾಗುವದು. ಗಾಜನ್ನು ಎರಡು ಬೆರಳಷ್ಟು ಇಳಿಸಿದರೆ ಸಾಲದು. ಬೆಕ್ಕನ್ನು ತೋಳಿನಲ್ಲಿ ಒಯ್ಯಬೇಡಿರಿ, ಒಂದು ಹಾರನ್ನಿಗೆ ಅದು ಕೈತಪ್ಪುವದು. ಮುಚ್ಚಳವುಳ್ಳ ಬುಟ್ಟಿಯೇ ಲೇಸು. ಇನ್ನು ಪಂಜರದ ಗಿಣಿಯನ್ನು ಊರಿಗೆ ಒಯ್ಯುವ ಬಗೆ ಹೇಗೆಂದು ಕೇಳಿಕೊಂಡು ನಮ್ಮಲ್ಲಿಗೆ ಬರಲೇ ಬೇಡಿರಿ. ನಮ್ಮ ನಾಡಿನ ಗಿಣಿಯನ್ನು ಸಾಕುವದೇ 1972ನೆಯ ಇಸವಿಯ ವನ್ಯಜೀವಿ ಕಾನೂನಿಗೆ ವಿರುದ್ಧ.

ಕರಿಯನು ಅಭ್ಯಾಸ ಮಾಡಿದ ಮರದ ಪೆಟ್ಟಿಗೆಯು ಇನ್ನೂ ನಮ್ಮ ಉಗ್ರಾಣದಲ್ಲಿದೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಿಗಾದರೂ ಬೇಕಾದರೆ ಸಂತೋಷದಿಂದ ಕೊಡುವೆವು. ಹೊರಡುವದಕ್ಕೆ ಒಂದು ತಿಂಗಳು ಮುಂಚಿತವಾಗಿ ಕೇಳಿದವರಿಗೆ ಮಾತ್ರ.