ಗಾಳಿ ಬಿಟ್ಟಷ್ಟೇ ದಾರಿ

ಸ್ಟೀರಿಂಗ್ ನಿಮ್ಮ ಕೈಯಲ್ಲಿದೆ. ಪಕ್ಕದ ಸೀಟಿನಲ್ಲಿ ನಿಮ್ಮ ಗಂಡ, ಅವರ ತೊಡೆಯ ಮೇಲೆ ಫೋನು, ಫೋನಿನಲ್ಲಿ ಐಸ್‌ಲ್ಯಾಂಡಿನ ರಸ್ತೆ ಇಲಾಖೆಯ ನಕ್ಷೆ. ಸೆಪ್ಟೆಂಬರ್ ಕೊನೆಯ ಒಂದು ಮಧ್ಯಾಹ್ನ. ಬಲಕ್ಕೆ ಎಲ್ಲೋ ದೂರದಲ್ಲಿ ಕಣ್ಣಿಗೆ ಬೀಳದ ಅಟ್ಲಾಂಟಿಕ್. ಎಡಕ್ಕೆ, ಮೋಡದ ಕೆಳಗೆ, ವಾಟ್ನಯೋಕುಲ್ ಹಿಮರಾಶಿಯ ಬಿಳಿ ಅಂಚು. ಈ ದೇಶದ ನೆಲದಲ್ಲಿ ನೂರಕ್ಕೆ ಎಂಟು ಪಾಲು ಆ ಮಂಜಿನ ಅಡಿಯಲ್ಲೇ ಇದೆ. ಅದರ ಮೇಲಿಂದ ಜಾರಿ ಇಳಿಯುವ ಗಾಳಿ ಮೊದಲು ಮುಟ್ಟುವುದು ನಿಮ್ಮ ಕಡೆಯ ಕಿಟಕಿಯನ್ನು.

"ಹದಿನಾರು ತೋರಿಸ್ತಿದೆ ಕಣೇ. ಜೋರು ಬೀಸಿದ್ರೆ ಇಪ್ಪತ್ಮೂರು."

ಸೆಕೆಂಡಿಗೆ ಅಷ್ಟು ಮೀಟರ್. ಮನಸ್ಸಿನಲ್ಲೇ ಲೆಕ್ಕ ಹಾಕುತ್ತೀರಿ: ಗಂಟೆಗೆ 83 ಕಿಲೋಮೀಟರ್. ಸ್ಪೀಡೋಮೀಟರಿನ ಮುಳ್ಳೂ ಅಲ್ಲೇ ಅಲುಗುತ್ತಿದೆ. ನೀವು ಎಷ್ಟು ಜೋರಾಗಿ ಮುಂದಕ್ಕೆ ಹೋಗುತ್ತಿದ್ದೀರೋ, ಗಾಳಿ ಅಷ್ಟೇ ಜೋರಾಗಿ ನಿಮ್ಮನ್ನು ಪಕ್ಕಕ್ಕೆ ತಳ್ಳಬಲ್ಲದು.

"ಹೋಗೋಣ್ವಾ, ನಿಲ್ಲಿಸ್ಲಾ? ಹೇಳ್ರೀ."

"ಓಡಿಸ್ತಿರೋಳು ನೀನು. ನಿನಗೆ ಹೇಗನ್ಸುತ್ತೋ ಹಾಗೆ."

ಈ ಔದಾರ್ಯ ನಿಮಗೆ ಬೇಕಿರಲಿಲ್ಲ. ಲೋಮಗ್ನೂಪುರ್ ಬೆಟ್ಟದ ಕಡಿದಾದ ಗೋಡೆ ಇಷ್ಟು ಹೊತ್ತು ನಿಮಗೆ ಮರೆ ಕೊಟ್ಟಿತ್ತು. ಈಗ ಅದು ಹಿಂದೆ ಸರಿಯುತ್ತದೆ, ಮುಂದೆ ಸ್ಕೇಯ್ದರಾರ್‌ಸಾಂದುರ್ ಬಯಲು ತೆರೆದುಕೊಳ್ಳುತ್ತದೆ. ಹಿಮನದಿಗಳು ಅರೆದು ತಂದು ಸುರಿದ ಕರಿಮರಳು, ಸುಮಾರು ಸಾವಿರ ಚದರ ಕಿಲೋಮೀಟರ್. ಒಂದು ಮರವಿಲ್ಲ, ಮನೆಯಿಲ್ಲ. ಗಾಳಿ ಇಳಿದೀತೆಂದು ಆಸೆಪಟ್ಟು ವೇಗವನ್ನು ಅರವತ್ತಕ್ಕೆ ಇಳಿಸುತ್ತೀರಿ, ಹೋಗುತ್ತೀರಿ.

ಮೊದಲ ಹೊಡೆತ ಕೈಗೆ ತಿಳಿಯುತ್ತದೆ, ಕಿವಿಗೆ ಆಮೇಲೆ. ಸ್ಟೀರಿಂಗ್ ಬಲಕ್ಕೆ ಜಗ್ಗುತ್ತದೆ. ನೀವು ಎಡಕ್ಕೆ ಎಳೆದು ಹಿಡಿಯುತ್ತೀರಿ. ನೇರ ಹೋಗಬೇಕಾದರೆ ಚಕ್ರವನ್ನು ಓರೆ ಹಿಡಿದೇ ಓಡಿಸಬೇಕು. ಭುಜ ಬಿಗಿಯುತ್ತದೆ, ಹಲ್ಲು ಕಚ್ಚಿಕೊಳ್ಳುತ್ತದೆ. ಟಾರಿನ ಮೇಲೆ ಮೊಣಕಾಲೆತ್ತರಕ್ಕೆ ಕಪ್ಪು ಹೊಗೆ ಹರಿಯತೊಡಗುತ್ತದೆ. ಹೊಗೆಯಲ್ಲ, ಮರಳು. ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿದ ಹಾಗೆ ಅದು ಬಾಗಿಲಿನ ತಗಡಿಗೆ ಬಡಿಯುತ್ತದೆ. ಎ.ಸಿ. ಕಿಂಡಿಯಿಂದ ಒಣ ಕಲ್ಲುಪುಡಿಯ ವಾಸನೆ ಬಂದು ಗಂಟಲು ಕೆರೆಯುತ್ತದೆ. ಅವರು ಕೈಚಾಚಿ ಕಿಂಡಿ ಮುಚ್ಚುತ್ತಾರೆ.

ಆಗ ಎದುರಿಗೆ ಬಸ್ಸು.

ಬಸ್ಸು ಹತ್ತಿರವಾಗುತ್ತದೆ. ನೀವು ಇನ್ನೂ ಎಡಕ್ಕೇ ಎಳೆದು ಹಿಡಿದಿದ್ದೀರಿ. ಬಸ್ಸಿನ ಉದ್ದನೆಯ ಮೈ ಗಾಳಿಗೆ ಅಡ್ಡ ಬರುತ್ತದೆ. ಥಟ್ಟನೆ ಗಾಳಿಯಿಲ್ಲ. ನಿಮ್ಮದೇ ಬಲ ಕಾರನ್ನು ಬಸ್ಸಿನ ಕಡೆಗೆ ನೂಕುತ್ತದೆ. ಬಿಳಿ ಗೀಟು ಚಕ್ರದಡಿಗೆ ಬಂತು. "ಬಲಕ್ಕೆ!" ತಿರುಗಿಸುತ್ತೀರಿ. ಬಸ್ಸು ದಾಟಿತು. ಗಾಳಿ ಮತ್ತೆ ಅಪ್ಪಳಿಸಿತು. ಈಗ ಬಲಕ್ಕೆ ಹೆಚ್ಚಾಯಿತು. ಬಲಚಕ್ರ ಟಾರಿನ ಅಂಚಿಳಿದು ಜಲ್ಲಿಯಲ್ಲಿ ಕರಕರ ಅನ್ನುತ್ತದೆ. ಬ್ರೇಕ್ ಒತ್ತಬಾರದು. ಒತ್ತಬಾರದು. ಕಾಲನ್ನು ಆಕ್ಸಿಲರೇಟರಿನಿಂದ ಮೆಲ್ಲನೆ ಎತ್ತಿ, ಚಕ್ರ ತಾನಾಗಿ ಟಾರಿಗೆ ಹತ್ತುವವರೆಗೆ ಉಸಿರು ಹಿಡಿಯುತ್ತೀರಿ.

ಹತ್ತಿತು. ಇಬ್ಬರೂ ಮಾತಾಡುವುದಿಲ್ಲ. ನಿಮ್ಮ ಬೆನ್ನಿಗೆ ಅಂಗಿ ಅಂಟಿಕೊಂಡಿದೆ.

ಬಯಲು ಮುಗಿಯುವ ಹೊತ್ತಿಗೆ ರಸ್ತೆ ಬದಿಯಲ್ಲಿ ನಿಲ್ಲುವ ಜಾಗವೊಂದು ಸಿಗುತ್ತದೆ. ಕಾರಿನ ಮೂತಿಯನ್ನು ಗಾಳಿಗೆ ಎದುರಾಗಿ ತಿರುಗಿಸಿ ನಿಲ್ಲಿಸುತ್ತೀರಿ. ಹಿಂದಿನಿಂದ ಬೀಸಿದರೆ ಬಾಗಿಲು ಕೀಲು ಸಮೇತ ಮುಂದಕ್ಕೆ ಮುರಿಯುತ್ತದೆ. ಅದು ನೀವು ಕಟ್ಟಿದ ವಿಮೆಯಲ್ಲಿ ಬರುವುದಿಲ್ಲ. "ಎರಡೂ ಕೈಲಿ ಹಿಡ್ಕೊಂಡು ಇಳೀರಿ," ಅನ್ನುತ್ತೀರಿ. ಅವರು ಭುಜ ಕೊಟ್ಟು ಬಾಗಿಲು ದೂಡಿಕೊಂಡು ಇಳಿಯುತ್ತಾರೆ.

ಎದುರಿಗೆ ತಿರುಚಿಕೊಂಡು ಬಿದ್ದ ಉಕ್ಕಿನ ತೊಲೆಗಳಿವೆ. ದೇಶ ಸುತ್ತುವ ಈ ಹೆದ್ದಾರಿ ಕೂಡಿಕೊಂಡದ್ದು 1974ರಲ್ಲಿ, ಈ ಬಯಲಿನ ಸೇತುವೆಗಳು ಮುಗಿದಾಗ. 1996ರ ಸೆಪ್ಟೆಂಬರ್ ಕೊನೆಗೆ ಹಿಮರಾಶಿಯ ಅಡಿಯಲ್ಲಿ ಜ್ವಾಲಾಮುಖಿ ಎದ್ದಿತು. ಕರಗಿದ ನೀರು ಗ್ರೀಮ್ಸ್‌ವೋತ್ನ್ ಎಂಬ ಮಂಜಿನಡಿಯ ಸರೋವರದಲ್ಲಿ ತುಂಬುತ್ತ ಹೋಯಿತು. ಜನ ಐದು ವಾರ ಕಾದರು. ನವೆಂಬರ್ 5ರಂದು ನೀರು ಒಡೆದು ಬಂತು. ಉಕ್ಕೇರಿದಾಗ ಸೆಕೆಂಡಿಗೆ ಸುಮಾರು 45,000 ಘನ ಮೀಟರ್, ಜೊತೆಗೆ ಮನೆಗಾತ್ರದ ಮಂಜಿನ ಬಂಡೆಗಳು. ಸೇತುವೆ ಹೋಯಿತು, ರಸ್ತೆ ಹೋಯಿತು. ಒಬ್ಬರೂ ಸಾಯಲಿಲ್ಲ, ಏಕೆಂದರೆ ರಸ್ತೆಯ ಮೇಲೆ ಯಾರೂ ಇರಲಿಲ್ಲ.

ತೊಲೆಯ ಮೇಲೆ ಅಂಗೈ ಇಡುತ್ತೀರಿ. ತಣ್ಣಗೆ ಕೊರೆಯುತ್ತದೆ. ಕೈ ಇನ್ನೂ ನಡುಗುತ್ತಿರುವುದು ಈಗ ಗೊತ್ತಾಗುತ್ತದೆ.

ಯೋಕುಲ್ಸಾರ್‌ಲೋನ್ ತಲುಪುವಾಗ ಬೆಳಕು ವಾಲಿದೆ. 1930ರ ಸುಮಾರಿನವರೆಗೆ ಇಲ್ಲಿ ಸರೋವರವೇ ಇರಲಿಲ್ಲ. ಬ್ರೈಧಾಮೆರ್ಕುರ್ ಹಿಮನದಿ ಹಿಂದೆ ಸರಿಯುತ್ತ ಬಿಟ್ಟುಹೋದ ಹೊಂಡ ಇದು, ಆಳ 240 ಮೀಟರಿಗೂ ಹೆಚ್ಚು. ನೀರಿನ ಮೇಲೆ ನೀಲಿ ಮಂಜುಗಡ್ಡೆಗಳು ತೇಲುತ್ತಿವೆ, ನಡುವೆ ಸೀಲ್ ಒಂದು ತಲೆಯೆತ್ತಿ ನಿಮ್ಮನ್ನು ನೋಡುತ್ತದೆ. ಗಡ್ಡೆಗಳು ಪುಟ್ಟ ನದಿಯೊಂದರಲ್ಲಿ ಸೇತುವೆಯ ಅಡಿಯಿಂದ ಸಮುದ್ರಕ್ಕೆ ಹೋಗುತ್ತವೆ. ಸಮುದ್ರ ಅವನ್ನು ಕರಿಮರಳಿನ ದಂಡೆಗೆ ವಾಪಸು ಎಸೆಯುತ್ತದೆ.

ಆ ದಂಡೆಯಲ್ಲಿ ನಿಮ್ಮ ಗಂಡ ಒಂದು ಗಡ್ಡೆ ಮೆಚ್ಚಿಕೊಂಡಿದ್ದಾರೆ. ಎದೆಮಟ್ಟದ್ದು, ಒಳಗೆಲ್ಲ ಬೆಳಕು. "ಇದರ ಮೇಲೆ ಕೂತ್ಕೋತೀನಿ, ಒಂದು ಫೋಟೋ ತೆಗಿ." ಗಡ್ಡೆಯ ಸುತ್ತ ಮರಳು ಒದ್ದೆಯಾಗಿದೆ. ನೀವು ಆ ಒದ್ದೆಯನ್ನೇ ನೋಡುತ್ತೀರಿ. ಇಷ್ಟು ದೂರ ನೀರು ಬಂದು ಹೋಗಿದೆ, ಅದೂ ಈಗಷ್ಟೇ. ಸಮುದ್ರಕ್ಕೆ ಬೆನ್ನು ಮಾಡಿ ಅವರು ಒಂದು ಕಾಲು ಎತ್ತುತ್ತಾರೆ.

"ಬೇಡ. ಬನ್ನಿ ಇತ್ಲಾಗೆ."

"ಒಂದೇ ನಿಮಿಷ..."

ಏಳೆಂಟು ಸಣ್ಣ ಅಲೆಗಳಾದ ಮೇಲೆ ಇನ್ನೊಂದು ಬರುತ್ತಿದೆ. ಎತ್ತರವೇನಿಲ್ಲ, ಆದರೆ ನಿಲ್ಲುತ್ತಿಲ್ಲ. ನೀವು ಅವರ ಜಾಕೆಟ್ಟಿನ ಟೋಪಿಗೆ ಕೈಹಾಕಿ ಎಳೆಯುತ್ತೀರಿ. ನೀರು ಮೊಣಕಾಲಿಗೆ ಬಂತು. ಚಳಿಯಲ್ಲ, ಏಟು. ಕಾಲಡಿಯ ಮರಳು ಜಾರುತ್ತಿದೆ. ಓಡಿ! ಹಿಂದೆ ಆ ಗಡ್ಡೆ ಮೆಲ್ಲಗೆ ಎದ್ದು, ಹೊರಳಿ, ಅವರು ನಿಂತಿದ್ದ ಜಾಗದ ಮೇಲೆ ಮಗುಚಿಕೊಳ್ಳುತ್ತದೆ. ಅಷ್ಟು ದೊಡ್ಡ ವಸ್ತು ಬಿದ್ದರೂ ಅಲೆಯ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ.

ಕಾರಿನಲ್ಲಿ ಹೀಟರ್ ಹಾಕಿ, ಒದ್ದೆ ಸಾಕ್ಸ್ ಕಳಚಿ ಕೂರುತ್ತೀರಿ. ಬೆರಳುಗಳಿಗೆ ರಕ್ತ ಮರಳುವಾಗ ಸೂಜಿ ಚುಚ್ಚಿದಂಥ ನೋವು. ದುಡ್ಡು ಕಟ್ಟಿದ ಕೋಣೆ ಇರುವುದು ಹೋಪ್ನ್ ಊರಿನಲ್ಲಿ, ಇನ್ನೂ 80 ಕಿಲೋಮೀಟರ್. ನಕ್ಷೆಯಲ್ಲಿ ಗಾಳಿಯ ಅಂಕಿ ಇಪ್ಪತ್ತಾರಕ್ಕೆ ಏರಿದೆ. ಹಣ ವಾಪಸು ಬರುವುದಿಲ್ಲ.

"13 ಕಿಲೋಮೀಟರಿಗೆ ಹಾಲಿ ಅಂತ ಇದೆ," ಅನ್ನುತ್ತಾರೆ ಅವರು. ಲೇಖಕ ಥೋರ್ಬೆರ್ಗುರ್ ಥೋರ್ದಾರ್ಸನ್ ಹುಟ್ಟಿದ ತೋಟದಮನೆ ಅದು. ಅವರ ಹೆಸರಿನ ಸಂಗ್ರಹಾಲಯವಿದೆ, ತಂಗಲು ಕೋಣೆಗಳೂ ಇವೆ. ಮಧ್ಯಾಹ್ನ ನಿಮ್ಮ ಮೇಲೆ ಹೊರಿಸಿದ್ದ ತೀರ್ಮಾನವನ್ನು ಅವರು ಈಗ ತಾವೇ ಎತ್ತಿಕೊಂಡಿದ್ದಾರೆ. "ಫೋನ್ ಮಾಡ್ಲಾ?"

"ಮೊದ್ಲು ಹೋಪ್ನಿಗೆ ಮಾಡಿ, ಬರಲ್ಲ ಅಂತ ಹೇಳ್ಬಿಡಿ," ಎಂದು ನೀವು ಗೇರ್ ಹಾಕುತ್ತೀರಿ. "ನಾಳೆ ಗಾಳಿ ನೋಡ್ಕೊಂಡು ಹೊರಡೋಣ. ನಿಲ್ಲದಿದ್ರೆ ನಾಡಿದ್ದು."